ಸಾಗರ ಊರಲ್ಲಿ ನಮ್ಮ ಪ್ರಾಣಿ ರಕ್ಷಣೆ ತಂಡ: ನಾಲ್ಕನೇ ತಿಂಗಳು

ಎಲ್ಲ ಶುರುವಾಗಿದ್ದು ಒಂದು ಕೆಂದು ನಾಯಿಯಿಂದ. ಜೂನ್ ಮಳೆ. ಹೋಟೆಲ್ ಹಿಂದಿನ ಕಟ್ಟೆ ಕೆಳಗೆ ಮುದುಡಿಕೊಂಡು ಮಲಗಿತ್ತು. ಕಿವಿಯ ಬುಡದಲ್ಲಿ ಹುಳ ಬಿದ್ದು ತಲೆ ಒಂದು ಕಡೆ ವಾಲಿತ್ತು. ಗೋಣಿಚೀಲದಲ್ಲಿ ಸುತ್ತಿ, ಆಟೋದಲ್ಲಿ ಹಾಕಿಕೊಂಡು ಪಶು ವೈದ್ಯರ ಹತ್ತಿರ ಹೋದೆವು. ಅವರು ಚಿಮಟದಿಂದ ಒಂದೊಂದೇ ಹುಳ ತೆಗೆದರು. ನಾನು ಟಾರ್ಚ್ ಹಿಡಿದಿದ್ದೆ. ನಲವತ್ತರ ತನಕ ಎಣಿಸಿದೆ, ಆಮೇಲೆ ಆಗಲಿಲ್ಲ. ನಾಯಿ ಇಡೀ ಮೈ ನಡುಗಿಸುತ್ತಿತ್ತು. ಆದರೂ ಕೊನೆಗೆ ಆಟೋ ಅಣ್ಣ ಬೆನ್ನು ಸವರಿದಾಗ ಬಾಲದ ತುದಿ ಅಲ್ಲಾಡಿತು.

ಆ ರಾತ್ರಿಯೇ ಐದು ಜನ ಸೇರಿದೆವು. ಎಲ್ಲರ ಬಾಯಲ್ಲೂ ಮೊದಲು ಬಂದ ಮಾತು, "ಒಂದು ಶೆಡ್ ಕಟ್ಟೋಣ". ನಾನು ಬೇಡ ಅಂದೆ, ಈಗಲೂ ಅದೇ ಹೇಳುತ್ತೇನೆ. ಶೆಡ್ ಇದೆ ಅಂತ ಗೊತ್ತಾದರೆ ರಾತ್ರೋರಾತ್ರಿ ಗೇಟಿನ ಹತ್ತಿರ ಮರಿಗಳನ್ನು ಬಿಟ್ಟು ಹೋಗುತ್ತಾರೆ. ಒಂದಕ್ಕೆ ಪಾರ್ವೋ ಅನ್ನುವ ಅಂಟುರೋಗ ಬಂದರೆ ಲಸಿಕೆ ಆಗದ ಅಷ್ಟೂ ಮರಿಗಳಿಗೆ ಅಪಾಯ. ಸದ್ಯಕ್ಕೆ ಟೀಚರ್ ಒಬ್ಬರ ಮನೆಯ ಹಳೇ ಕೊಟ್ಟಿಗೆಯಲ್ಲಿ ನಾಲ್ಕು ಪಂಜರ ಇಟ್ಟಿದ್ದೇವೆ. ವಾಸಿಯಾದ ಪ್ರಾಣಿ ತನ್ನ ಬೀದಿಗೇ ವಾಪಸ್.

ನಾಯಿ ಹಿಡಿಯೋ ಮುಂಚೆ ನಾವೇ ರೇಬಿಸ್ ಲಸಿಕೆ ಹಾಕಿಸಿಕೊಂಡೆವು. ಮೊದಲ ದಿನ, 7ನೇ ದಿನ, 28ನೇ ದಿನ. ಹಾಗಂತ ಕಚ್ಚಿದರೆ ಸುಮ್ನೆ ಇರುವ ಹಾಗಿಲ್ಲ. 15 ನಿಮಿಷ ಸೋಪು ಹಾಕಿ ನಲ್ಲಿ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಲೇಬೇಕು. ಹೊಸಬರು ಬಂದರೆ ಮೊದಲ ಪಾಠ ಇದೇ.

ದನಕ್ಕೆ ಪೆಟ್ಟಾದರೆ 1962ಕ್ಕೆ ಫೋನ್ ಮಾಡುತ್ತೇವೆ, ಪಶು ಸಂಜೀವಿನಿ ವ್ಯಾನ್‌ಗೆ. ಹಾವು, ಮಂಗಗಳಿಗೆ ನಾವು ಕೈ ಹಾಕುವುದಿಲ್ಲ, ಅದು ಅರಣ್ಯ ಇಲಾಖೆಯವರ ಕೆಲಸ.

ನಿಜವಾದ ಕೆಲಸ ಸಂತಾನಹರಣ ಚಿಕಿತ್ಸೆ. ಬಸರಿ ನಾಯಿ ಎರಡೇ ತಿಂಗಳಲ್ಲಿ ಮರಿ ಹಾಕುತ್ತದೆ, ನಾವು ಎಷ್ಟು ಗಾಯ ತೊಳೆದರೆ ಮುಗಿಯುತ್ತದೆ? ಆದರೆ ನಮ್ಮ ಪಾಡಿಗೆ ನಾವು ಹಿಡಿದು ಮಾಡಿಸುವ ಹಾಗಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಈ ಜವಾಬ್ದಾರಿ ಸ್ಥಳೀಯ ಸಂಸ್ಥೆಯದು, ಮಾಡುವವರಿಗೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು. ನಗರಸಭೆಗೆ ಪತ್ರ ಕೊಟ್ಟಿದ್ದೇವೆ. ಜೊತೆಗೆ ಯಾವ ಬೀದಿಯಲ್ಲಿ ಎಷ್ಟು ಹೆಣ್ಣು ನಾಯಿ ಇವೆ ಅಂತ ಬೆಳಗ್ಗೆ ಹಾಲಿಗೆ ಹೋಗುವಾಗ ಬರೆದಿಡುತ್ತಿದ್ದೇವೆ. ಬರೀ ಮನವಿಗಿಂತ ಆ ಪಟ್ಟಿಗೆ ಬೆಲೆ ಜಾಸ್ತಿ, ಅಲ್ವಾ?

ದುಡ್ಡಿನ ಲೆಕ್ಕ ಮೆಡಿಕಲ್ ಶಾಪಿನ ಹುಡುಗ ನೋಡಿಕೊಳ್ಳುತ್ತಾನೆ. ಪ್ರತಿ ಬಿಲ್ಲಿನ ಫೋಟೋ ಅದೇ ರಾತ್ರಿ ವಾಟ್ಸಾಪ್ ಗುಂಪಿಗೆ ಬರುತ್ತದೆ. ಹತ್ತು ರೂಪಾಯಿ ಕೊಟ್ಟವರಿಗೂ ಅದು ಕಾಣಬೇಕು.

ಈಗ ಸಂಘ ನೋಂದಣಿ ಆಗಬೇಕು. ಅದಕ್ಕೆ ಕನಿಷ್ಠ ಏಳು ಜನ ಬೇಕು. ಕಳೆದ ವಾರ ಬೆಕ್ಕುಗಳಿಗೆ ಅನ್ನ ಹಾಕುವ ಅಜ್ಜಿಯೊಬ್ಬರು ಕನ್ನಡಕ ಹಾಕಿಕೊಂಡು, ಪೂರ್ತಿ ಓದಿ, ಆರನೇ ಸಹಿ ಹಾಕಿದರು. ಏಳನೇ ಗೆರೆ ಇನ್ನೂ ಖಾಲಿ ಇದೆ. ಕೆಂದು ನಾಯಿ ಅದೇ ಕಟ್ಟೆ ಹತ್ತಿರ ಇದೆ. ಒಂದು ಕಿವಿ ಮಡಚಿಕೊಂಡೇ ಉಳಿಯಿತು. ಕತ್ತಲಲ್ಲಿ ಲಾರಿಯವರಿಗೆ ಕಾಣಲಿ ಅಂತ ಕುತ್ತಿಗೆಗೆ ಹೊಳೆಯುವ ಪಟ್ಟಿ ಕಟ್ಟಿದ್ದೇವೆ.