ಎಲೆ ಹಸಿರಾಗಿದ್ದರೂ ಗಿಡ ಕೀಳುವ ಕೆಲಸ

ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ನನ್ನದೇ. ಇದರ ಮಧ್ಯೆ ಯಾರಿಗೂ ಇಷ್ಟವಿಲ್ಲದ ಕೆಲಸ ಒಂದಿದೆ. ಬೋರರ್ ನೋಡುವುದು, ಅಂದರೆ ಕಾಂಡ ಕೊರೆಯುವ ಹುಳು ಹಿಡಿದ ಗಿಡ ಹುಡುಕುವುದು.

ಅರೇಬಿಕಾ ಕಾಫಿ ಬೆಳೆಯುವವರಿಗೆ ಈ ಬೋರರ್, ಅಂದರೆ ಬಿಳಿ ಕಾಂಡಕೊರಕದ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಸ್ವಲ್ಪ. ಇದರ ದುಂಬಿ ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹಾರುತ್ತದೆ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದೊಳಗೆ ಸೇರಿ ತಿಂಗಳುಗಟ್ಟಲೆ ಕೊರೆಯುತ್ತದೆ. ಕೊರೆದ ದಾರಿಯನ್ನು ತನ್ನ ಹಿಕ್ಕೆಯಿಂದಲೇ ತುಂಬಿಕೊಂಡು ಹೋಗುವುದರಿಂದ ಹೊರಗೆ ಪುಡಿ ಉದುರುವುದಿಲ್ಲ. ಕಾಂಡದ ಮೇಲೆ ಸಣ್ಣ ಏಣು ಎದ್ದಿರುತ್ತದೆ, ಅಷ್ಟೆ. ಬಗ್ಗಿ ಕೈಯಾಡಿಸಿದವರಿಗೆ ಮಾತ್ರ ಅದು ಸಿಗುತ್ತದೆ.

ಅದಕ್ಕೇ ದುಂಬಿ ಹಾರುವ ಮೊದಲು, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಸಾಲು ಹಿಡಿದು ಒಂದೊಂದೇ ಗಿಡ ನೋಡಬೇಕು. ಏಣು ಕಂಡದ್ದನ್ನು ಕಿತ್ತು ಸುಡಬೇಕು. ಹೊಸ ಆಳುಗಳು ಕೇಳುವುದು ಒಂದೇ ಪ್ರಶ್ನೆ: “ರೈಟ್ರೇ, ಎಲೆ ಹಸಿರಾಗೇ ಇದೆಯಲ್ಲ, ಕಾಯಿನೂ ಹಿಡಿದಿದೆ. ಯಾಕೆ ಕೀಳೋದು?”

ಚರ್ಚಿನ ಸಭೆಯಲ್ಲಿ ನಾವು ಕೇಳುವುದೂ ಇದನ್ನೇ. ಕುಡಿತ, ಜಗಳ, ಮೋಸ ಎಲ್ಲರ ಕಣ್ಣಿಗೂ ಬೀಳುತ್ತವೆ. ಪ್ರಾರ್ಥನೆ ನಿಂತು ಎಷ್ಟು ತಿಂಗಳಾಯಿತು ಅಂತ ಯಾರೂ ವಿಚಾರಿಸುವುದಿಲ್ಲ. ಭಾನುವಾರ ಇಸ್ತ್ರಿ ಬಟ್ಟೆ ಹಾಕಿ, ಕೀರ್ತನೆ ಹಾಡಿ ಮನೆಗೆ ಬಂದರೆ ಎಲ್ಲ ಸರಿಯಿದೆ ಅಂತಲೇ ಲೆಕ್ಕ. ಇಬ್ರಿಯರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಹೆದರಿಸುವುದು ಇಲ್ಲೇ. ಇಷ್ಟು ದೊಡ್ಡ ರಕ್ಷಣೆಯನ್ನು ಅಲಕ್ಷ್ಯ ಮಾಡಿದರೆ ನಾವು ತಪ್ಪಿಸಿಕೊಳ್ಳುವುದು ಹೇಗೆ ಅಂತ ಅದು ಕೇಳುತ್ತದೆ. ‘ನೀವು’ ಅನ್ನುವುದಿಲ್ಲ. ಬರೆದವನು ತನ್ನನ್ನೂ ಸೇರಿಸಿಕೊಂಡಿದ್ದಾನೆ.

ಮತ್ತಾಯ 22ರಲ್ಲಿ ಅರಸನು ಮಗನ ಮದುವೆಗೆ ಕರೆದರೆ ಒಬ್ಬ ತನ್ನ ಹೊಲಕ್ಕೆ ಹೋದ, ಇನ್ನೊಬ್ಬ ವ್ಯಾಪಾರಕ್ಕೆ ಹೋದ. ನಮ್ಮ ಕಡೆ ನವೆಂಬರ್‌ನಲ್ಲಿ ಕೊಯ್ಲು ಶುರುವಾದರೆ ಇದೇ ಕಥೆ. ಅರೇಬಿಕಾ ಮುಗಿಯುವುದರೊಳಗೆ ಇನ್ನೊಂದು ಜಾತಿಯ ಕಾಫಿ, ರೊಬಸ್ಟಾ, ಹಣ್ಣಾಗಿರುತ್ತದೆ. ಹಣ್ಣು ಯಾರಿಗೂ ಕಾಯುವುದಿಲ್ಲ, ನಿಜ. ಆದರೆ ಕೊಯ್ಲು ಮುಗಿದ ಮೇಲೂ ಬೈಬಲ್ ತೆರೆಯದಿದ್ದರೆ ಅದಕ್ಕೆ ಕಾರಣ ಕೊಯ್ಲಲ್ಲ.

ಬೋರರ್ ಕೆಲಸದಲ್ಲಿ ನನಗೆ ಜಾಸ್ತಿ ತಲೆನೋವು ಕೊಡುವುದು ಗಿಡ ಕಿತ್ತ ಮೇಲಿನ ಭಾಗ. ಎಷ್ಟೋ ಕಡೆ ಸುಡುವುದೇ ಇಲ್ಲ. ಒಳ್ಳೆ ಸೌದೆ ಅಲ್ವಾ, ಆಳುಗಳಿರುವ ಲೈನ್ ಮನೆ ಹಿಂದೆ ಒಟ್ಟಿಬಿಡುತ್ತಾರೆ. ಗಿಡ ಕಿತ್ತರೆ ಒಳಗಿನ ಹುಳು ಸಾಯುವುದಿಲ್ಲ. ಸೌದೆಯೊಳಗೇ ಬೆಳೆದು, ದುಂಬಿಯಾಗಿ, ಮತ್ತೆ ತೋಟಕ್ಕೇ ಹಾರುತ್ತದೆ. ಸೌದೆ ಬೇಕೇ ಬೇಕು ಅಂದರೆ ವಾರ ಹತ್ತು ದಿನ ನೀರಿನಲ್ಲಿ ಮುಳುಗಿಸಿಡಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಪಶ್ಚಾತ್ತಾಪದ ವಿಷಯದಲ್ಲೂ ನಾವು ಹೀಗೇ ಮಾಡುತ್ತೇವೆ. ತಪ್ಪು ಒಪ್ಪಿಕೊಂಡಾಯಿತು, ಅತ್ತಾಯಿತು. ಆದರೆ ಆ ಬಡ್ಡಿ ವ್ಯವಹಾರದ ಪುಸ್ತಕ ಬೀರುವಿನಲ್ಲಿ ಭದ್ರವಾಗಿದೆ, ಬಿಡಬೇಕಾದ ಸಹವಾಸದ ನಂಬರ್ ಫೋನಿನಲ್ಲಿ ಹಾಗೇ ಇದೆ. ಇನ್ನು ದುಂಬಿಗೆ ಬೇಲಿ ಯಾವ ಲೆಕ್ಕ? ಪಕ್ಕದ ತೋಟದವರು ಎಷ್ಟು ಚೆನ್ನಾಗಿ ನೋಡಿಕೊಂಡರೂ ನಮ್ಮ ಸೌದೆಯ ಹುಳು ಅವರ ಗಿಡಕ್ಕೂ ಹೋಗುತ್ತದೆ. ಮನೆಯಲ್ಲಿ ಅಪ್ಪ ಪ್ರಾರ್ಥನೆ ಬಿಟ್ಟರೆ ನಷ್ಟ ಅಪ್ಪನೊಬ್ಬನಿಗೇ ಅಲ್ಲ.

ಹಾಗಂತ ಶ್ರದ್ಧೆಯಿಂದ ದೇವರನ್ನು ಸಾಲಗಾರ ಮಾಡಿಕೊಳ್ಳಲು ಆಗುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ತರಿಸುವುದು ನಮ್ಮ ಕೈಲಿಲ್ಲ. (ಸ್ಪ್ರಿಂಕ್ಲರ್ ಇರುವ ಸಾಹುಕಾರರು ನಗಬಹುದು. ಕೆರೆ ತುಂಬಿಸಿದ್ದು ಯಾರು ಅಂತ ಅವರನ್ನೇ ಕೇಳಬೇಕು.) ಪೇತ್ರನ ಎರಡನೇ ಪತ್ರಿಕೆ ಮೊದಲು ಹೇಳುವುದು, ಭಕ್ತಿಯಿಂದ ಬದುಕಲು ಬೇಕಾದ್ದೆಲ್ಲ ದೇವರು ಕೊಟ್ಟಾಗಿದೆ ಅಂತ. ಪೂರ್ಣ ಆಸಕ್ತಿಯಿಂದ ಶ್ರಮಪಡಿ ಅನ್ನುವುದು ಆಮೇಲೆ. ಈ ಹಿಂದುಮುಂದು ಅದಲುಬದಲಾದರೆ ಶ್ರದ್ಧೆ ಜಂಬವಾಗುತ್ತದೆ. ಅಂಥ ಜನರನ್ನೂ ನೋಡಿದ್ದೇನೆ, ಪಕ್ಕದಲ್ಲಿ ಕೂರುವುದು ಕಷ್ಟ.

ನಮ್ಮ ಕಡೆಯ ಮೂರ್ನಾಲ್ಕು ಮನೆಯವರು ಕೊಯ್ಲಿನ ತಿಂಗಳುಗಳಲ್ಲಿ ಪ್ರಾರ್ಥನೆಯನ್ನು ಸಂಜೆ ಹಣ್ಣಿನ ತೂಕ ಮುಗಿದ ಮೇಲೆ ಇಟ್ಟುಕೊಂಡಿದ್ದೇವೆ. ಯಾರು ಬರಲಿಲ್ಲವೋ ಅವರ ಮನೆಗೆ ಮರುದಿನ ಒಬ್ಬರು ಹೋಗಿ ಬರುತ್ತಾರೆ. ಮೊದಮೊದಲು ಕೆಲವರಿಗೆ ಇದು ಪೊಲೀಸ್ ಕೆಲಸದಂತೆ ಅನ್ನಿಸಿ ಸಿಟ್ಟು ಬಂತು. ಈಗ ಬಾರದವರೇ ಫೋನ್ ಮಾಡುತ್ತಾರೆ: “ಏನಣ್ಣ, ನಿನ್ನೆ ನಾನು ಬರಲಿಲ್ಲ, ಇವತ್ತು ಯಾರೂ ವಿಚಾರಿಸೋಕೆ ಬರಲೇ ಇಲ್ವಲ್ಲ?”