ಕಾರಿಲ್ಲದೆ ಇಟಲಿಯ ತೋಟದ ಮನೆಗೆ

ಅಗ್ರಿತುರಿಸ್ಮೊ, ಅಂದರೆ ಅತಿಥಿಗಳನ್ನು ಉಳಿಸಿಕೊಳ್ಳುವ ತೋಟದ ಮನೆ, ಬುಕ್ ಮಾಡುವ ಮುನ್ನ ಕೋಣೆಯ ಫೋಟೊಗಿಂತ ಮ್ಯಾಪ್ ನೋಡಿ. ಸ್ಟೇಷನ್ನಿಂದ ಎರಡು-ಮೂರು ಕಿ.ಮೀ. ಒಳಗಿದ್ದರೆ ಒಬ್ಬರೇ ನಡೆದು ಹೋಗಬಹುದು. ಟಸ್ಕನಿಯಲ್ಲಾದರೆ ಸಿಯೆನಾ–ಕ್ಯೂಸಿ ರೈಲುಮಾರ್ಗದ ಅಶಾನೊ ಊರಿನ ಸುತ್ತಮುತ್ತ ಹುಡುಕಿ. ಕೊನೆಯ ದಾರಿ ಹೆಚ್ಚಾಗಿ ಜಲ್ಲಿ ಹಾಸಿದ ಬಿಳಿ ಮಣ್ಣುರಸ್ತೆ, ಏರು ಬೇರೆ. ಚಕ್ರದ ಸೂಟ್‌ಕೇಸ್ ಕೈಕೊಡುತ್ತದೆ, ಬೆನ್ನಿಗೆ ಹಾಕುವ ಚೀಲವೇ ಸರಿ.

ಬಸ್ ನಂಬಿದವರು ವೇಳಾಪಟ್ಟಿಯ ಅಡಿಯ ಸಣ್ಣಕ್ಷರ ಓದಲೇಬೇಕು. ‘ಸ್ಕೊಲಾಸ್ತಿಕೊ’ ಎಂದಿದ್ದರೆ ಶಾಲೆಯಿರುವ ದಿನ ಮಾತ್ರ ಓಡುತ್ತದೆ; ಜುಲೈ-ಆಗಸ್ಟಿನಲ್ಲಿ ಕಾದು ನಿಂತರೆ ಬಿಸಿಲೇ ಗತಿ. ಭಾನುವಾರ ಎಷ್ಟೋ ಹಳ್ಳಿಗಳಿಗೆ ಬಸ್ಸೇ ಇಲ್ಲ, ಶನಿವಾರದೊಳಗೆ ತಲುಪಿ. ಟಿಕೆಟನ್ನು ತಬಾಕ್ಕಿ ಎಂಬ ತಂಬಾಕಿನ ಅಂಗಡಿಯಲ್ಲಿ ಮೊದಲೇ ಕೊಳ್ಳಿ.

ಸ್ಟೇಷನ್ನಿಗೆ ಬಂದು ಕರೆದೊಯ್ಯುತ್ತಾರೆಯೇ, ಒಬ್ಬರೇ ಇದ್ದರೂ ರಾತ್ರಿಯೂಟ ಬಡಿಸುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕೇಳಿ. ಸಸ್ಯಾಹಾರಿಗಳು ಮಾಂಸದ ಬ್ರೋಡೊ (ಬೇಯಿಸಿದ ತಿಳಿಸಾರು) ಕೂಡ ಬೇಡವೆಂದು ಬಿಡಿಸಿ ಬರೆಯಬೇಕು.