ಹಳೇ ಪವರ್‌ಪಿಸಿ ಡೆಸ್ಕ್‌ಟಾಪ್ ಕೊಳ್ಳೋರಿಗೆ

ಕೋಲಾರದ ಕಡೆ ಯಾರಾದರೂ ಹಳೇ ಪವರ್ ಮ್ಯಾಕ್ ಜಿ5 (ಪವರ್‌ಪಿಸಿ ಅನ್ನೋ ಪ್ರೊಸೆಸರ್ ಇರೋ ಆಪಲ್ ಡೆಸ್ಕ್‌ಟಾಪ್) ಹುಡುಕ್ತಿದ್ದರೆ, 2005ರ ಕೊನೆಯಲ್ಲಿ ಬಂದ ಕ್ವಾಡ್ (ನಾಲ್ಕು ಕೋರ್) 2.5 ಗಿಗಾಹರ್ಟ್ಸ್‌ಗೆ ಆಸೆಪಡಬೇಡಿ. ಅದರ ಪ್ರೊಸೆಸರ್ ತಣಿಸೋದು ಕೊಳವೆಯಲ್ಲಿ ಹರಿಯೋ ದ್ರವ. ಸೀಲು ಹಳೇದಾಗಿ ಸೋರಿದರೆ ಬೋರ್ಡು, ಕೆಳಗಿರೋ ಪವರ್ ಸಪ್ಲೈ ಎರಡೂ ಹಾಳು. ದುಡ್ಡು ಕೊಡೋ ಮುಂಚೆ ಪಕ್ಕದ ಬಾಗಿಲು ತೆಗೆದು ತಳದಲ್ಲಿ ಅಂಟು, ಕಲೆ, ತುಕ್ಕು ನೋಡಿ. ಹಿಂದಿನ ಹಿಡಿ ಎತ್ತಿದರೆ ಸಾಕು, ಸ್ಕ್ರೂ ಬಿಚ್ಚೋದೇ ಬೇಡ. ಅಷ್ಟು ಪ್ರೀತಿಯಿಂದ ಪೆಟ್ಟಿಗೆ ಮಾಡೋರು ಈಗ ಎಷ್ಟು ಜನ!

ಅದೇ ಸಾಲಿನ 2.0, 2.3 ಡ್ಯುಯಲ್ ಕೋರ್ ತಣಿಯೋದು ಬರೀ ಗಾಳಿಯಿಂದ. ನಮ್ಮ ಬೇಸಿಗೆ ಧೂಳಿಗೆ ಆಗಾಗ ಬ್ಲೋಯರ್ ಹಿಡೀಬೇಕು, ಅಷ್ಟೇ. ಇವುಗಳ ಆಪರೇಟಿಂಗ್ ಸಿಸ್ಟಮ್ ಮ್ಯಾಕ್ ಓಎಸ್ 10.5.8ಕ್ಕೇ ನಿಲ್ಲುತ್ತೆ, ಭದ್ರತಾ ಅಪ್‌ಡೇಟ್ ಬರಲ್ಲ, ಅದಕ್ಕೇ ಬ್ಯಾಂಕಿಂಗಿಗೆ ಬಳಸಬೇಡಿ.